ಹೊರಗಿನ ಚಿಲಕ

ನನ್ನ ಪ್ರವಾಸವನ್ನು ಯಾರೂ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ, ನನಗೆ ಜಗಳ ಚೆನ್ನಾಗಿಯೇ ಬರುತ್ತದೆ. ಅವರು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಒಳ್ಳೇದಾಯ್ತು ಅಂದರು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಕೊಂಕಣ ರೈಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ಸಂಸೆ ಹತ್ತಿರದ ನಮ್ಮ ಕಾಫಿ ತೋಟದಿಂದ ಮಂಗಳೂರಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದರೆ ಹಳೇ ಗೋವಾದ ಮಗ್ಗುಲಲ್ಲೇ ಕರ್ಮಲಿ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಇಳಿಯಬಹುದು ಎಂದು ರೈಲ್ವೆ ಟೈಮ್ ಟೇಬಲ್ ತಿರುವಿ ತಿರುವಿ ಕಂಡುಕೊಂಡಿದ್ದೆ. ಹಳೇ ಗೋವಾದ ಹುಚ್ಚು ಹತ್ತಿದ್ದು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ. ಊಟದ ಕೋಣೆಯ ಗೋಡೆಯ ಮೇಲೆ ಅಲ್ಲಿಯ ಕೆಥೆಡ್ರಲ್ಲಿನ ಚಿತ್ರವಿತ್ತು. ದೊಡ್ಡ ಬಿಳಿ ಕಟ್ಟಡ, ಒಂದೇ ಗೋಪುರ. ಇನ್ನೊಂದು ಎಲ್ಲಿ ಎಂದು ಸಿಸ್ಟರನ್ನು ಕೇಳಿದರೆ, ಯಾವ ಕಾಲದಲ್ಲೋ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ ಅಂದಿದ್ದರು. ಅನ್ನ ಕಲಸುತ್ತಾ ದಿನವೂ ಅದನ್ನೇ ನೋಡುತ್ತಿದ್ದೆ. ಒಂದಲ್ಲ ಒಂದು ದಿನ ಅದರೊಳಗೆ ಹೋಗಿ ಬೆಂಚಿನ ಮೇಲೆ ಕೂರಬೇಕು, ಯಾರೂ ನನ್ನನ್ನು ಏನೂ ಕೇಳಬಾರದು. ನನ್ನ ಆಸೆ ಇಷ್ಟೇ.

ನಮ್ಮ ಕಡೆ ಹೆಂಗಸರು ಮನೆ ಬಿಟ್ಟು ಹೊರಡುವುದು ಮದುವೆಗೆ, ಬಾಣಂತನಕ್ಕೆ, ತಪ್ಪಿದರೆ ಹೊರನಾಡಿನ ದೇವಸ್ಥಾನಕ್ಕೆ. ಸುಮ್ಮನೆ ಕೂತು ಬರಲು ಯಾರೂ ಹೋಗಿದ್ದಿಲ್ಲ. ಆದ್ದರಿಂದ ಯಾರ ಬಾಯಿಗೂ ಸಿಗದಂಥ ವಾರವನ್ನು ಹುಡುಕಿದೆ. ಕಾಫಿ ಕುಯ್ಲು ಮುಗಿದಿರಬೇಕು, ಸಿಪ್ಪೆ ಸುಲಿದ ಪಾರ್ಚ್‌ಮೆಂಟು ಬೀಜ ಒಣಗಿ ಮೂಟೆಯಾಗಿ ಹೋಗಿರಬೇಕು, ಕಾಫಿ ಹೂ ಅರಳಿಸುವ ಮಳೆಯ ಗಡಿಬಿಡಿ ಕಳೆದಿರಬೇಕು, ಮುಂಗಾರು ಇನ್ನೂ ದೂರ ಇರಬೇಕು. ಏಪ್ರಿಲಿನಲ್ಲಿ ಅಂಥದ್ದೊಂದು ವಾರ ಸಿಕ್ಕಿತು. ಮನೆಯ ಫೋನಿಗೆ ಎಸ್‌ಟಿಡಿ ಇರಲಿಲ್ಲ, ಕಳಸಕ್ಕೆ ಹೋಗಿ ಬೂತಿನಿಂದ ಪಣಜಿಯ ಲಾಡ್ಜಿಗೆ ಫೋನ್ ಮಾಡಿದೆ. ಎಷ್ಟು ಜನ ಅಂದರು. ಒಬ್ಬಳೇ ಅಂದೆ. ಜೊತೆಗೆ ಗಂಡಸರು ಬರುವುದಿಲ್ಲವೇ ಎಂದು ಮತ್ತೆ ಕೇಳಿದರು. ಒಬ್ಬಳೇ ಎಂದು ಇನ್ನೊಮ್ಮೆ ಜೋರಾಗಿ ಹೇಳಿ ರೂಮು ಗೊತ್ತು ಮಾಡಿದೆ, ಬೂತಿನ ಹೊರಗೆ ಸರದಿ ಕಾಯುತ್ತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ಒಬ್ಬಳೇ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಗಂಡ ಒಳ್ಳೇದಾಯ್ತು ಅಂದದ್ದು ನಿಜವೆಂದೇ ನಂಬಿದೆ. ಎರಡು ದಿನ ಕಳೆದ ಮೇಲೆ ಮೂಡಿಗೆರೆಯಿಂದ ನಾದಿನಿಯ ಫೋನು. ಮಕ್ಕಳಿಗೆ ರಜ, ನಾವೂ ಬರುತ್ತೇವೆ ಅಂದಳು. ನಾದಿನಿ ಬಂದರೆ ಅವಳ ಗಂಡ, ಅವನು ಬಂದರೆ ನನ್ನ ಗಂಡ. ಇಷ್ಟು ಜನ ಹೋಗುವಾಗ ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆ? ರೈಲು ಬಿಟ್ಟು ಬಾಡಿಗೆ ವ್ಯಾನು ಗೊತ್ತಾಯಿತು. ದಾರಿಯಲ್ಲಿ ಮುರುಡೇಶ್ವರ, ಗೋಕರ್ಣ ಸೇರಿದವು. ನನ್ನ ಕೆಥೆಡ್ರಲ್ಲಿಗೆ ಅರ್ಧ ಗಂಟೆ ಸಾಕು ಎಂದು ಗಂಡಸರಿಬ್ಬರೂ ಜಗಲಿಯಲ್ಲಿ ಕೂತು ತೀರ್ಮಾನಿಸಿದರು. ನಾನು ಒಳಗೆ ಅವರ ಕಾಫಿ ಸೋಸುತ್ತಿದ್ದೆ. ಆ ಕಾಫಿಯನ್ನು ಅವರ ತಲೆಯ ಮೇಲೆ ಸುರಿಯಬೇಕಿತ್ತು. ಸುರಿಯಲಿಲ್ಲ. ಅರ್ಧ ಗಂಟೆಯಾದರೂ ಸಿಗುತ್ತದಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಹೊರಡುವ ಹಿಂದಿನ ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದವರು, ನಾಳೆಯಿಂದ ದೀಪ ಹಚ್ಚುವವರು ಯಾರು ಎಂದು ಕೇಳಿದರು. ನಮ್ಮ ಮನೆಗೆ ಬೀಗ ಹಾಕುವ ಪದ್ಧತಿಯಿಲ್ಲ. ಮನೆಗೆ ಬೀಗ ಬಿತ್ತು ಅಂದರೆ ವಂಶ ಅಳಿಯಿತು ಎಂದೇ ಅರ್ಥ. ಊರಿಗೆ ಊರೇ ಮದುವೆಗೆ ಹೋದರೂ ಒಬ್ಬರು ಉಳಿಯಬೇಕು, ಸಂಜೆ ದೀಪ ಹಚ್ಚಬೇಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಡ ನಗುತ್ತಾ ಹೇಳಿದ:

"ಅಲ್ಲ ಮಾರಾಯ್ತಿ, ನೀನೇ ಹೇಳಿದ್ದಲ್ವ, ಒಬ್ಬಳೇ ಇರ್ಬೇಕು ಅಂತ? ಒಂದು ವಾರ ಆರಾಮಾಗಿ ಒಬ್ಬಳೇ ಇರು."

ತಮಾಷೆಗೆ ಹೇಳಿದ್ದಲ್ಲ ಅದು. ನಿಜಕ್ಕೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಹೋಗುವ ಊರು ನನ್ನದು, ವಾರ ನನ್ನದು, ಆ ಕರ್ಮಲಿ ಸ್ಟೇಷನ್ನೂ ನಾನು ಹುಡುಕಿದ್ದು.

ಬೆಳಿಗ್ಗೆ ವ್ಯಾನು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಕೂತವರು ಅತ್ತೆ. ನಾನು ಸೊಸೆಯಾಗಿ ಬರುವ ತನಕ ಪ್ರತಿ ಸಲವೂ ದೀಪಕ್ಕೆ ಉಳಿಯುತ್ತಿದ್ದವರು ಅವರೇ. ಸಮುದ್ರವನ್ನೇ ನೋಡಿರಲಿಲ್ಲ. ಅವರ ಮುಖದ ಸಂಭ್ರಮ ಕಂಡು ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ವ್ಯಾನು ತಿರುವು ದಾಟಿದ್ದೇ ತಡ, ಹಾಳಾಗಿ ಹೋಗಲಿ, ನಾನೂ ಬೀಗ ಹಾಕಿ ಎಲ್ಲಿಗಾದರೂ ಹೊರಡುತ್ತೇನೆ ಎಂದು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಬೀಗ ಸಿಕ್ಕಿಸಲು ಏನೂ ಇರಲಿಲ್ಲ. ಒಳಗೆ ತೋಳು ದಪ್ಪದ ಅಗುಳಿ ಇತ್ತು, ಹೊರಗೆ ಒಂದು ಚಿಲಕವಿಲ್ಲ, ಕೊಂಡಿಯಿಲ್ಲ, ಮೊಳೆಯ ತೂತೂ ಇಲ್ಲ. ಇಷ್ಟು ವರ್ಷ ಆ ಬಾಗಿಲನ್ನು ಒರೆಸಿ ಎಣ್ಣೆ ಹಚ್ಚಿದವಳು ನಾನು, ಒಮ್ಮೆಯೂ ಗಮನಿಸಿರಲಿಲ್ಲ. ಒಳಗೆ ಯಾವಳಾದರೂ ಒಬ್ಬಳು ಇದ್ದೇ ಇರುತ್ತಾಳೆ ಎಂದು ನಂಬಿ ಕಟ್ಟಿದ ಮನೆ. ಬಾಗಿಲಿಗೆ ಕಾಲಿನಿಂದ ಒದ್ದೆ. ನೋವಾದದ್ದು ನನಗೇ.

ಮರುದಿನ ಸಂಸೆಯಿಂದ ಆಚಾರಿಯನ್ನು ಕರೆಸಿ, ಹೊರಗಡೆ ಒಂದು ಚಿಲಕ ಹೊಡಿ ಅಂದೆ. ಆತ ಬಾಗಿಲನ್ನು ಸವರಿ, ಹಳೇ ಕಾಲದ ಬೀಟೆ ಮರ, ಹಾಳು ಮಾಡುವುದು ಬೇಡ ಎಂದು ಗೊಣಗಿದ.

"ಅಯ್ಯಾವ್ರಿಗೆ ಗೊತ್ತುಂಟಾ ಅಮ್ಮಾ?" ಎಂದು ಕೇಳಿದ.

"ಅವ್ರು ಗೋವಾದಲ್ಲಿದ್ದಾರೆ. ನೀನು ಹೊಡಿ" ಅಂದೆ.

ಚಿಲಕ ಬಂದ ಮೇಲೆ ಆ ದಿನವೇ ಹೊರಡಬಹುದಿತ್ತು. ಆದರೆ ನನ್ನ ಗೋವಾದ ತುಂಬ ಅವರೇ ತಿರುಗುತ್ತಿದ್ದರು, ಅಲ್ಲಿಗೇ ಹೋಗಿ ಸಿಕ್ಕಿಬೀಳುವಷ್ಟು ಪೆದ್ದಿ ನಾನಲ್ಲ. ಲಾಡ್ಜಿಗೆ ಮತ್ತೆ ಫೋನ್ ಮಾಡಿ ಮುಂದಿನ ವಾರ ಬರುತ್ತೇನೆ ಎಂದು ಹೇಳಿದೆ. ಸಂಜೆ ಸಂಜೆ ದೀಪ ಹಚ್ಚಿದೆ, ಬೈದುಕೊಂಡೇ ಹಚ್ಚಿದೆ.

ಅವರು ವಾಪಸಾದದ್ದು ಒಂದು ಮಧ್ಯಾಹ್ನ. ವ್ಯಾನಿನ ಸದ್ದು ಕೇಳಿದ ಕೂಡಲೇ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದೆ. ಬೇಕೆಂದೇ ಹಾಕಿದೆ, ಎಲ್ಲರೂ ನೋಡಲಿ ಎಂದು. ಬ್ಯಾಗನ್ನು ಪಕ್ಕಕ್ಕಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಗಂಡ ಮೆಟ್ಟಿಲಿನಲ್ಲೇ ನಿಂತ.

"ಇದೆಂತ ಇದು, ಬಾಗಿಲಿಗೆ?"

"ಮನೇಲಿ ಒಬ್ರು ಉಳೀಬೇಕು ಅಂದ್ರಲ್ಲ. ಈಗ ನೀವಿದ್ದೀರಿ."

ಕೀಲಿಕೈ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಊಟಕ್ಕೇನು ಅಂದ, ಜನ ಏನೆಂದಾರು ಅಂದ, ನಾಳೆ ಹೋದರಾಗದೇ ಅಂದ. ನಾದಿನಿ ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು. ಅತ್ತೆ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು, ನನ್ನ ಕೈಯಿಂದ ಕೀಲಿಕೈ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

"ಬಸ್ಸು ತಪ್ಪೀತು, ಹೊರಡು ಮಾರಾಯ್ತಿ" ಅಂದರು.

ಕೆಥೆಡ್ರಲ್ಲಿನಲ್ಲಿ ಮೊದಲ ದಿನವಿಡೀ ಬೆಂಚಿನ ಮೇಲೆ ಕೂತು ಗಂಡನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಅಷ್ಟು ದೂರ ಹೋಗಿ ಅದೇ ಕೆಲಸ ಮಾಡಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು. ಮರುದಿನವೂ ಸ್ವಲ್ಪ ಹೊತ್ತು ಬೈದೆ. ಮಧ್ಯಾಹ್ನದ ಹೊತ್ತಿಗೆ ಬೈಗುಳ ಮುಗಿದುಹೋದವು. ಆಮೇಲೂ ಕೂತೇ ಇದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.