ತಲಪರಿಗೆಯ ಮೊದಲ ಬೊಗಸೆ

ಕೊರಟಗೆರೆ ಸೀಮೆಯ ನಮ್ಮ ಹಳ್ಳದಲ್ಲಿ ಬಿರುಬೇಸಿಗೆಯಲ್ಲೂ ಮರಳು ಕೆದಕಿದರೆ ನೀರು ಜಿನುಗುತ್ತಿತ್ತು. ಆ ಒರತೆ ಗುಂಡಿಗೆ ತಲಪರಿಗೆ ಅನ್ನುತ್ತೇವೆ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಅದರ ಹೂಳೆತ್ತಿ, ಗಂಗಮ್ಮನಿಗೆ ಪೂಜೆ ಮಾಡಿ, ಅದೇ ನೀರಲ್ಲಿ ಅಡುಗೆ ಮಾಡಿ ಉಣ್ಣುವುದು ರೂಢಿ. ನಾವು ಕುಡಿಯುತ್ತಿದ್ದದ್ದೂ ಅದೇ ನೀರು.

ಹಳ್ಳದ ಮೇಲುಗಡೆ ಲೇಔಟ್ ಎದ್ದಿತು. ಮನೆಗಳ ಬಚ್ಚಲು, ಕಕ್ಕಸಿನ ನೀರನ್ನೆಲ್ಲ ಹಳ್ಳಕ್ಕೆ ಬೀಳುವ ಮಳೆನೀರಿನ ಕಾಲುವೆಗೆ ತಿರುಗಿಸಿದರು. ಮೊದಲಿಗೆ ನಮಗೆ ತಿಳಿಯಲೇ ಇಲ್ಲ. ಮುಂಗಾರಿನ ಹೊಸ ನೀರಿಗೆ ಮೀನು ಏರಿ ಬರುವುದನ್ನು ಕಂಡು ಬೆಳೆದವರು ನಾವು. ಒಂದು ಮಳೆಯ ಮಾರನೇ ಬೆಳಿಗ್ಗೆ ಮಡುವಿನ ತುಂಬ ಮೀನುಗಳು ಬಾಯಿ ಬಿಡುತ್ತ ಮೇಲೆ ತೇಲುತ್ತಿದ್ದಾಗ ಹಿಗ್ಗಿ ಹೀರೇಕಾಯಿಯಾದೆವು. ನಾನು ಸೆರಗಿನ ತುಂಬ ಬಾಚಿ ತಂದೆ, ಅವ್ವ ಸಾರು ಮಾಡಿದಳು. ಸೋಪಿನ ವಾಸನೆಗೆ ಒಂದು ತುತ್ತೂ ಇಳಿಯಲಿಲ್ಲ. ಪಾಪದವು ಉಸಿರು ಕಟ್ಟಿ ಮೇಲೆ ಬಂದಿದ್ದವು. ಆಮೇಲೆ ಹಳ್ಳದಲ್ಲಿ ಮೀನಿಲ್ಲ, ಏಡಿಯಿಲ್ಲ, ಕೆಸರಲ್ಲಿ ಕೆಂಪು ಹುಳುಗಳಷ್ಟೇ.

ಲೇಔಟಿನ ಯಜಮಾನನ ಬಳಿ ಮೂರು ಸಲ ಹೋದೆ. "ಮರಳೇ ಎಲ್ಲಾನೂ ಸೋಸ್ತದೆ ಕಣಮ್ಮ. ನಿಮ್ ತಲಪರಿಗೆಗೆ ಏನೂ ಆಗಾಕಿಲ್ಲ," ಎಂದು ನಕ್ಕ. ಆ ನಗು ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಈ ಸಲ ಹೂಳೆತ್ತುವ ದಿನ ಎಲೆ ಅಡಿಕೆ ಕೊಟ್ಟು ನಾನೇ ಅವನನ್ನು ಕರೆದೆ. "ಶಾಲು ಹೊದಿಸ್ತೀವಿ, ಸೈಟು ನೋಡೋರನ್ನೂ ಕರ್ಕಂಡು ಬನ್ನಿ," ಅಂದೆ. ಇಸ್ತ್ರಿ ಅಂಗಿ ತೊಟ್ಟು, ಇಬ್ಬರು ಗಿರಾಕಿಗಳ ಜೊತೆ ಬಂದ. ಪೂಜೆಯಾದ ಮೇಲೆ ಮೊದಲ ಬೊಗಸೆ ನೀರು ಬಂದ ದೊಡ್ಡವರಿಗೆ ಸಲ್ಲಬೇಕು. ಊರೆಲ್ಲ ನೋಡುತ್ತಿರುವಾಗ ತಂಬಿಗೆ ಎತ್ತಿದೆ. ಅವನು ಕೈಯೊಡ್ಡಿದ. ನಾತ ಬಡಿದದ್ದೇ ತಡ, ಕೈ ಹಿಂದಕ್ಕೆ ಹೋಯಿತು.

"ಗ್ಯಾಸ್ಟ್ರಿಕ್ ಕಣಮ್ಮ, ಡಾಕ್ಟ್ರು ಬ್ಯಾಡ ಅಂದವ್ರೆ."

"ಯಾಕ್ ಸ್ವಾಮಿ, ಮರಳು ಸೋಸಿಲ್ವಾ?"

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅವ್ವ ಎದ್ದು ಬಂದಳು. ಗಂಗಮ್ಮನ ಮೊದಲ ನೀರನ್ನು ಯಾರೂ ಕುಡಿಯದೆ ಚೆಲ್ಲಿದರೆ ಒರತೆ ಬತ್ತುತ್ತದೆಂದು ನಂಬಿದವಳು ಅವಳು. ನಾನು ತಡೆಯುವ ಮೊದಲೇ ತಂಬಿಗೆ ಕಿತ್ತುಕೊಂಡು, ಅವನ ಮುಖವನ್ನೇ ನೋಡುತ್ತ ಗಟಗಟನೆ ಕುಡಿದುಬಿಟ್ಟಳು.

ಎರಡು ದಿನ ವಾಂತಿ, ಭೇದಿ. ಆಸ್ಪತ್ರೆಯ ಮಂಚದ ಪಕ್ಕ ಕೂತು ನನ್ನನ್ನು ನಾನೇ ಶಪಿಸಿಕೊಂಡೆ. ಅವನ ಮಾನ ಕಳೆಯಲು ಹೋಗಿ ಅವ್ವನನ್ನೇ ಕಳೆದುಕೊಳ್ಳುವವಳಿದ್ದೆ. ಮೂರನೇ ದಿನ, ಕೈಗೆ ಡ್ರಿಪ್ಪಿನ ಸೂಜಿ ಇರುವಾಗಲೇ, ಅವಳು ಕಣ್ಣು ಬಿಟ್ಟಳು.

"ಲೇ, ಬಂದಿದ್ರಲ್ಲ ಅವ್ರು, ಸೈಟು ತಗಂಡ್ರಾ?"

"ಇಲ್ಲ ಕಣವ್ವ. ಅವತ್ತೇ ಎದ್ದೋದ್ರು."

ಅವ್ವನ ಒಣಗಿದ ತುಟಿಯಲ್ಲಿ ನಗು ಬಂತು.

"ಮುಂದಿನ್ ವರ್ಸಾನೂ ಕರಿ ಅವನ್ನ. ನಾನೇ ಕುಡೀತೀನಿ."