ರೋಗಿಗೆ ತಂದ ಜ್ಯೂಸು

ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ. ತಂದದ್ದನ್ನು ತಾವೇ ಬಿಡಿಸಿ, ರೋಗಿಯ ಬಾಯಿಗೆ ಒಂದಿಷ್ಟು ಹಾಕಿಯೇ ಏಳಬೇಕು. ರೋಗಿ ಬೇಡವೆಂದರೆ ಬಂದವರಿಗೆ ಅವಮಾನ. ಮೊದಲೆಲ್ಲ ಮೋಸಂಬಿ ತರುತ್ತಿದ್ದರು, ಒಂದೆರಡು ತೊಳೆ ತಿಂದರೆ ಮುಗಿಯುತ್ತಿತ್ತು. ಈಗ ಹಣ್ಣು ಹಿಡಿದು ಬಂದರೆ ಜಿಪುಣರು ಅನ್ನಿಸಿಕೊಳ್ಳುತ್ತಾರಂತೆ. ಎಲ್ಲರ ಕೈಯಲ್ಲೂ ಜ್ಯೂಸ್ ಡಬ್ಬಿ.

ಸಕ್ಕರೆ ಕಾಯಿಲೆಯಿದ್ದ ನನ್ನ ಅವ್ವ ಕಾಲಿನ ಗಾಯಕ್ಕೆಂದು ಚಳ್ಳಕೆರೆಯಲ್ಲಿ ಆಸ್ಪತ್ರೆ ಸೇರಿದಾಗ ಮಂಚದ ಕೆಳಗೆ ಡಬ್ಬಿಗಳ ಅಂಗಡಿಯೇ ಆಯಿತು. ಬಿ.ಜಿ. ಕೆರೆಯ ನೆಂಟರು ಮಾವಿನದು ತಂದರು, ರಾಂಪುರದವರು ದಾಳಿಂಬೆಯದು. ಅವರು ದಾಳಿಂಬೆ ತೋಟ ಇಟ್ಟುಕೊಂಡವರು! ಸ್ವಂತ ಗಿಡದ ಹಣ್ಣು ಬಿಟ್ಟು ಎಲ್ಲಿಯದೋ ಡಬ್ಬಿ ಹೊತ್ತು ತಂದಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. "ಶುಗರ್ ಐತೆ ಕಣ್ರಿ" ಅಂದರೆ, "ಇದು ಹಣ್ಣಿಂದು, ಏನೂ ಆಗಲ್ಲ" ಎಂದು ಡಬ್ಬಿಯ ಮೇಲಿನ ಚಿತ್ರ ತೋರಿಸುತ್ತಿದ್ದರು. ಚಿತ್ರ ನೋಡಿ ವೈದ್ಯ ಮಾಡುವ ಮಹಾನುಭಾವರು! ಆಸ್ಪತ್ರೆ ಎದುರಿನ ಹಣ್ಣಿನ ಗಾಡಿಯವನೂ ಮೋಸಂಬಿಯನ್ನು ಮೂಲೆಗೆ ತಳ್ಳಿ ಡಬ್ಬಿ ಜೋಡಿಸಿದ್ದ. "ಹಣ್ಣು ಯಾರು ಕೇಳ್ತಾರಕ್ಕ?" ಅಂದ.

ಅವ್ವನ ಮೇಲೂ ನನಗೆ ಸಿಟ್ಟು. ಬಂದವರ ಮುಖ ಸಣ್ಣದಾಗಬಾರದೆಂದು ಎಲ್ಲರ ಲೋಟಕ್ಕೂ ಬಾಯಿ ಕೊಡುತ್ತಿದ್ದಳು. ನಾನು ಡಬ್ಬಿ ಅಡಗಿಸಿಟ್ಟರೆ, "ನೆಂಟ್ರು ಏನಂದ್ಕೊಂಡಾರು?" ಎಂದು ನನ್ನನ್ನೇ ಗದರುತ್ತಿದ್ದಳು. ಸಕ್ಕರೆ ಇಳಿಯಲಿಲ್ಲ, ಗಾಯ ಮಾಯಲಿಲ್ಲ. ಕಡೆಗೆ ಕಾಲಿನ ಹೆಬ್ಬೆರಳು ತೆಗೆದರು. ಇನ್ನಾದರೂ ಬಾಯಿ ಕಟ್ಟದಿದ್ದರೆ ಪಾದವೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು.

ಮರುದಿನವೇ ಮೊಳಕಾಲ್ಮೂರಿನಿಂದ ಅವ್ವನ ಅಣ್ಣ, ನನ್ನ ಸೋದರಮಾವ, ಬಂದರು. ಕಂಕುಳಲ್ಲಿ ಎಲ್ಲರದಕ್ಕಿಂತ ದೊಡ್ಡ ಡಬ್ಬಿ. ಕಾಲಿನ ಬ್ಯಾಂಡೇಜು ನೋಡಿ ಕಣ್ಣೀರು ಹಾಕಿದರು. ಆಮೇಲೆ ಕಣ್ಣೊರೆಸಿಕೊಂಡು, ಲೋಟ ಕೇಳಿ, ತುಂಬಿಸಿ, ಅವ್ವನ ಬಾಯಿಯ ಹತ್ತಿರ ಹಿಡಿದರು.

"ಕುಡಿಯವ್ವ, ಮೈಗೆ ಶಕ್ತಿ ಬರ್ತೈತೆ."

ಅವ್ವ ಆಗಲೇ ಬಾಯಿ ತೆರೆದಿದ್ದಳು. ನಾನು ಲೋಟ ಕಿತ್ತುಕೊಂಡೆ.

"ನಮ್ಮಣ್ಣನ ಕೈ ತಡೀತೀಯೇನೇ?" ಎಂದು ಅವ್ವ ಕೂಗಿದಳು. ಕೂಗಲಿ. ಆ ಲೋಟವನ್ನು ಮಾವನ ಮೂಗಿನ ಮುಂದೆಯೇ ಹಿಡಿದೆ.

"ಅಷ್ಟು ಒಳ್ಳೇದಾದ್ರೆ ನೀವೇ ಕುಡೀರಿ ಮಾವ."

ಮಾವ ಗಾಬರಿಯಾಗಿ ಹಿಂದೆ ಸರಿದರು.

"ಅಯ್ಯೋ, ನಂಗ್ಯಾಕವ್ವ? ನಂಗೆ ಶುಗರ್ ಐತೆ."