ಕೊಂಬಿನ ಹಿಡಿಯ ಚೂರಿ

ಕುವೈತಿಗೆ ಬಂದ ನಮ್ಮ ಕರಾವಳಿಯವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಕ್ರಿಕೆಟ್, ಕೆಲವರಿಗೆ ಬಾಲ್ಕನಿಯಲ್ಲಿ ಬಸಳೆ ಬೆಳೆಸುವುದು, ಹೆಚ್ಚಿನವರಿಗೆ ಯಾವುದಾದರೊಂದು ಸಂಘದ ಅಧ್ಯಕ್ಷರಾಗುವುದು. ನಮ್ಮ ಕೆಲವರ ಹುಚ್ಚು ಜೇಬಿನಲ್ಲಿಡುವ ಮಡಚು ಚೂರಿ. ಶುಕ್ರವಾರದ ಸಂತೆಯಲ್ಲಿ ಹಳೇ ಫ್ಯಾನು, ಒಂಟಿ ಬೂಟು, ಕೆಟ್ಟ ಮಿಕ್ಸಿಗಳ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹುಡುಕುತ್ತೇವೆ. ಸಿಕ್ಕಿದ್ದರ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆ. ಮುಂದಿನ ಶುಕ್ರವಾರ ಮಿರ್ಕಾಬಿನಲ್ಲಿರುವ ಅಬ್ದುಲ್ ಹಕೀಂ ಬ್ಯಾರಿಯ ಚಹಾದಂಗಡಿಯಲ್ಲಿ ಸೇರಿ ಒಬ್ಬರ ಮಾಲನ್ನು ಇನ್ನೊಬ್ಬರು ಹೀಗಳೆಯುತ್ತೇವೆ. ಚೂರಿಯನ್ನು ಮೇಜಿನ ಮೇಲಿಡಬೇಕು, ಅಲ್ಲಿಂದ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಚೂರಿ ಕೊಟ್ಟರೆ ಜಗಳವಾಗುತ್ತದೆ ಎಂದು ಊರಲ್ಲಿ ಅಜ್ಜಿಯಂದಿರು ಹೇಳಿದ್ದನ್ನು ಮರಳುಗಾಡಿಗೆ ಬಂದರೂ ನಾವು ಬಿಟ್ಟಿಲ್ಲ. ಜಗಳ ಮಾತ್ರ ಹೇಗಿದ್ದರೂ ಆಗುತ್ತದೆ.

ಗುಂಪಿನಲ್ಲಿ ಇನ್ನೊಂದು ಪದ್ಧತಿ ಉಂಟು. ಕೊಳಕು ಚೂರಿಯನ್ನು ಯಾರೂ ತೋರಿಸುವುದಿಲ್ಲ. ತುಕ್ಕು ತೆಗೆದು, ಹಿಡಿ ಉಜ್ಜಿ, ತಿರುಗಣಿಗೆ ಎಣ್ಣೆ ಬಿಟ್ಟು, ಮದುಮಗಳ ಹಾಗೆ ಸಿಂಗರಿಸಿಯೇ ತರಬೇಕು. ಇಲ್ಲದಿದ್ದರೆ ನಾವು ಮಾನ ಕಳೆಯುತ್ತೇವೆ.

ಇದನ್ನು ಒಪ್ಪದವರು ಹರ್ಬರ್ಟ್ ಒಬ್ಬರೇ. ಶಿರ್ವದವರು. ಊರಲ್ಲಿ ನಾವು ಕ್ರೈಸ್ತ ಹಿರಿಯರನ್ನು ಕರೆಯುವಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ಶುವೈಖಿನ ಒಂದು ಬಿಡಿಭಾಗದ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಸಪೂರ ಆಳು, ಮಾತು ಕಡಿಮೆ. ಯಾರಿಗೆ ಏನು ಸಿಕ್ಕಿದರೂ ಗುಂಪಿನಲ್ಲಿ ಅವರದು ಒಂದೇ ಬೇಡಿಕೆ: ತೊಳೆಯುವ ಮೊದಲು ಫೋಟೊ ಹಾಕಿ, ಎರಡೂ ಬದಿ. ನಾವು ನಗುತ್ತಿದ್ದೆವು. ಪೊರ್ಬುಗಳಿಗೆ ಮದುಮಗಳು ಬೇಡ, ಎದ್ದು ಮುಖ ತೊಳೆಯದ ಹೆಂಗಸೇ ಬೇಕು ಎಂದು ಹಕೀಂ ತಮಾಷೆ ಮಾಡುತ್ತಿದ್ದ. ಅವರು ಬೇಸರಿಸಿಕೊಳ್ಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.

ಅವರಿಗೆ ಚೂರಿಯ ಹುಚ್ಚೇ ಇರಲಿಲ್ಲ ಎಂಬುದು ಗುಂಪಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸಂತೆಯಿಂದ ಬರುವಾಗ ಒಮ್ಮೆ ನನ್ನ ಕಾರಿನಲ್ಲಿ ಅವರು ಹೇಳಿದ್ದು ಇಷ್ಟು. ಇರಾಕಿನವರು ಕುವೈತಿಗೆ ನುಗ್ಗಿದ ವರ್ಷ ಅವರ ಅಣ್ಣ ವಲೇರಿಯನ್ ಶುವೈಖ್ ಬಂದರಿನ ಹತ್ತಿರ ಕೆಲಸದಲ್ಲಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಜೊತೆಯವರೆಲ್ಲ ಬಸ್ಸು ಹಿಡಿದು ಜೋರ್ಡಾನ್ ಕಡೆಗೆ ಹೊರಟಾಗ, ಕಫೀಲನ, ಅಂದರೆ ವೀಸಾ ಕೊಟ್ಟ ಅರಬಿ ಧಣಿಯ, ಗೋದಾಮಿನ ಬೀಗದಕೈ ತನ್ನ ಹತ್ತಿರ ಉಂಟು, ಅವನಿಗೆ ಒಪ್ಪಿಸಿ ಬರುತ್ತೇನೆ ಎಂದು ಹಿಂದೆ ಉಳಿದ. ಗೋದಾಮಿನ ಮೆಟ್ಟಿಲ ಮೇಲೆ ಕೂತು ಜೇಬಿನ ಚೂರಿಯಿಂದ ಖುಬ್ಬೂಸ್ ರೊಟ್ಟಿ ಕತ್ತರಿಸುತ್ತಿದ್ದನಂತೆ. ಬಸ್ಸಿನಲ್ಲಿ ಹೋದವರು ಅವನನ್ನು ಕಡೆಯದಾಗಿ ನೋಡಿದ್ದು ಹಾಗೆ. ಆಮೇಲೆ ಅವನೂ ಇಲ್ಲ, ಹೆಣವೂ ಇಲ್ಲ.

ಯುದ್ಧ ಮುಗಿದ ಮೇಲೆ ಹರ್ಬರ್ಟ್ ಕುವೈತಿಗೆ ಬಂದದ್ದು ಅಣ್ಣನನ್ನು ಹುಡುಕಲಿಕ್ಕೆ. ರಾಯಭಾರ ಕಚೇರಿ, ಆಸ್ಪತ್ರೆ, ಸ್ಮಶಾನ ಎಲ್ಲ ಕಡೆ ಬಾಗಿಲು ತಟ್ಟಿದರು. ಕಡೆಗೆ ಹುಡುಕಲು ಉಳಿದದ್ದು ಆ ಚೂರಿ ಒಂದೇ. ಈ ದೇಶದಲ್ಲಿ ಬಿಟ್ಟುಹೋದ ವಸ್ತುಗಳೆಲ್ಲ ಎಂದಾದರೊಮ್ಮೆ ಶುಕ್ರವಾರದ ಸಂತೆಗೆ ಬರುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಅವರ ನಂಬಿಕೆ. ಚೂರಿ ಸಿಕ್ಕಿದರೆ ಮಾರಿದವನನ್ನು ಹಿಡಿಯಬಹುದು, ಅವನಿಗೆ ಕೊಟ್ಟವನನ್ನು ಹಿಡಿಯಬಹುದು, ಅಣ್ಣ ಎಲ್ಲಿ ಬಿದ್ದ ಎಂದು ತಿಳಿಯಬಹುದು. ಊರಲ್ಲಿ ಅತ್ತಿಗೆ ಲೊರೈನ್ ಇನ್ನೂ ಕರಿಮಣಿ ತೆಗೆದಿಲ್ಲ. ಗಂಡನ ಹೆಸರಲ್ಲಿ ಇಗರ್ಜಿಯಲ್ಲಿ ಸತ್ತವರ ಬಲಿಪೂಜೆ ಇಡಲು ಬಿಟ್ಟಿಲ್ಲ. ವಿಷಯ ತಿಳಿಯದೆ ಕುವೈತ್ ಬಿಟ್ಟು ಬರುವುದಿಲ್ಲ ಎಂದು ಹರ್ಬರ್ಟ್ ಅವಳಿಗೆ ಮಾತು ಕೊಟ್ಟಿದ್ದರು. ರಜೆಯಲ್ಲಿ ಮನೆಗೆ ಹೋದಾಗಲೆಲ್ಲ ಅವಳು ಬಾಯಿಬಿಟ್ಟು ಏನೂ ಕೇಳುವುದಿಲ್ಲವಂತೆ, ಇವರ ಕೈ ನೋಡುತ್ತಾಳಂತೆ.

"ಚೂರಿಗೆ ಎಂತ ಗುರುತು ಪೊರ್ಬುಗಳೇ? ನಾನೂ ನೋಡ್ತೇನಲ್ಲ" ಎಂದಿದ್ದೆ.

"ಕೊಂಬಿನ ಹಿಡಿ, ತುದಿಗೆ ಹಿತ್ತಾಳೆ. ಅಂಥದ್ದು ಆಗ ಬಂದರಿನಲ್ಲಿ ತುಂಬ ಜನರ ಹತ್ರ ಇತ್ತು. ಬೇರೆ ಗುರುತು ಉಂಟು, ಆದ್ರೆ ಹೇಳುದಿಲ್ಲ ಪುರಂದರ. ಹೇಳಿದ್ರೆ ನಾಳೆ ಸಂತೆಯಲ್ಲಿ ಅದೇ ಗುರುತಿನ ಹತ್ತು ಚೂರಿ ಬರ್ತದೆ. ಉಳಿದವರಿಗೆ ನೀನೂ ಎಂತದೂ ಹೇಳ್ಬೇಡ."

ನಾನು ಹೇಳಲಿಲ್ಲ. ಹಾಗೆ ಇತರರ ಕಣ್ಣಿಗೆ ಅವರು ಕೊಂಬಿನ ಹಿಡಿಯ ಚೂರಿಯ ಮರುಳು ಹಿಡಿದ ಒಬ್ಬ ಮುದುಕರಾಗಿ ಉಳಿದರು.

ಕಳೆದ ವರ್ಷ ಅವರ ಕಫೀಲ್ ತೀರಿಕೊಂಡ. ಮಕ್ಕಳಿಗೆ ಗೋದಾಮು ಬೇಡವಾಯಿತು. ಈ ವಯಸ್ಸಿನಲ್ಲಿ ಬೇರೆ ಯಾರು ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ ಕೊಡಿಸುತ್ತಾರೆ? ಪೊರ್ಬುಗಳು ದೂರದ ಶುಐಬಾದ ಕಾರ್ಖಾನೆಗಳವರೆಗೂ ಹೋಗಿ, ಕಾವಲುಗಾರನ ಕೆಲಸವಾದರೂ ಆಗಬಹುದು ಎಂದು ಕೈಮುಗಿದು ಬಂದರು. ಅವರ ಹೆಂಡತಿ ಮೊಲ್ಲಿಬಾಯಿ ನರ್ಸ್ ಕೆಲಸದಿಂದ ನಿವೃತ್ತರಾಗಿ ಆಗಲೇ ಪೆಟ್ಟಿಗೆ ಕಟ್ಟತೊಡಗಿದ್ದರು. "ಇವರು ಊಟ ಮಾಡುದಿಲ್ಲ ಪುರಂದರಣ್ಣ. ಇಲ್ಲಿಂದ ಹೋದ್ರೆ ಅಣ್ಣನನ್ನು ನಾನೇ ಹೂತು ಹೋದ ಹಾಗೆ ಅಂತಾರೆ" ಎಂದು ನನ್ನ ಹೆಂಡತಿಯ ಮುಂದೆಯೇ ಕಣ್ಣೀರು ಹಾಕಿದರು. ಆ ದಿನಗಳಲ್ಲಿ ಪೊರ್ಬುಗಳು ಸಂತೆಯಲ್ಲಿ ಹುಡುಕುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಗೋಣಿಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದರು. ಬೆರಳು ಕೊಯ್ದು ರಕ್ತ ಬಂದರೂ ನಿಲ್ಲಿಸುತ್ತಿರಲಿಲ್ಲ.

ಕೆಲಸ ಎಲ್ಲೂ ಸಿಗಲಿಲ್ಲ. ಬೀಳ್ಕೊಡುಗೆ ಒಂದು ಶುಕ್ರವಾರ ಹಕೀಂನ ಅಂಗಡಿಯಲ್ಲಿ. ನಮ್ಮ ಟ್ರೆವರ್ ಅಂದು ತುಂಬ ಖುಷಿಯಲ್ಲಿದ್ದ. ಅವನು ಶುಐಬಾದ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಎಂಜಿನಿಯರ್, ಪಾಲಿಶ್ ಮಾಡುವುದರಲ್ಲಿ ನಮಗೆಲ್ಲ ಗುರು. ಸ್ನಾನದ ಕೋಣೆಯಲ್ಲಿ ಉಜ್ಜುವ ಯಂತ್ರ ಇಟ್ಟುಕೊಂಡು ಹೆಂಡತಿಯಿಂದ ಬೈಸಿಕೊಳ್ಳುವ ಆಸಾಮಿ. ಕೊಂಕಣಿಯಲ್ಲಿ ಹಿರಿಯರನ್ನು ಕರೆಯುವ ಹಾಗೆ ಪೊರ್ಬುಗಳನ್ನು ಅವನು ಬಾಬ್ ಎನ್ನುತ್ತಿದ್ದ. ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಉಡುಗೊರೆಯನ್ನು ಪೊರ್ಬುಗಳ ಮುಂದೆ ಮೇಜಿನ ಮೇಲಿಟ್ಟ.

"ಬಿಡಿಸಿ ಬಾಬ್. ನಿಮ್ಗೆ ಅಂತಲೇ ಯಾರಿಗೂ ತೋರಿಸ್ಲಿಲ್ಲ, ಗುಂಪಿಗೂ ಹಾಕ್ಲಿಲ್ಲ."

ಕೊಂಬಿನ ಹಿಡಿ, ತುದಿಗೆ ಹಿತ್ತಾಳೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಕೀಂ "ಮಾಶಾ ಅಲ್ಲಾಹ್" ಎಂದ. ಪೊರ್ಬುಗಳು ಅದನ್ನು ಎತ್ತಿಕೊಂಡರು. ಅಲಗು ಬಿಚ್ಚಿದರು. ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಒಂದೇ ಜಾಗವನ್ನು ಸವರತೊಡಗಿದರು. 

"ಇಲ್ಲಿ ಎಂತ ಇತ್ತು?"

"ಎಲ್ಲಿ ಬಾಬ್?"

"ಇಲ್ಲಿ. ಹಿಡಿಯ ಮೇಲೆ. ಎಂತಾದ್ರೂ ಗೀರಿದ್ದು ಇತ್ತಾ?"

"ಅಯ್ಯೋ, ತುಂಬ ಇತ್ತು!" ಟ್ರೆವರನಿಗೆ ಹೆಮ್ಮೆ. "ಹಿಡಿಗೆ ಪೂರ್ತಿ ಟೇಪು ಸುತ್ತಿದ್ರು. ಬಿಚ್ಚಿದ್ರೆ ಒಳಗೆ ಯಾರೋ ಗೀಚಿ ಹಾಳು ಮಾಡಿದ್ದಾರೆ. ಉಜ್ಜಿ ಉಜ್ಜಿ ಎಲ್ಲ ತೆಗೆದೆ. ಮೊನೆ ಸಹ ಮುರಿದಿತ್ತು, ಹೊಸ ಮೊನೆ ಮಾಡಿದೆ. ಈಗ ಗೊತ್ತೇ ಆಗುದಿಲ್ಲ ಅಲ್ವಾ?"

ನಾನು ತಲೆ ಚಚ್ಚಿಕೊಂಡೆ. ಟ್ರೆವರ್ ಗಾಬರಿಯಿಂದ ನನ್ನ ಮುಖ ನೋಡಿದ. ಅವನನ್ನು ಬೈಯುವುದು ಹೇಗೆ? ನಮ್ಮ ಪದ್ಧತಿಯ ಪ್ರಕಾರ ಯಾರೂ ಮಾಡಬಹುದಾದ ಅತ್ಯಂತ ಪ್ರೀತಿಯ ಕೆಲಸವನ್ನು ಅವನು ಮಾಡಿದ್ದ. ಪೊರ್ಬುಗಳು ಕೂತಲ್ಲೇ ಅಣ್ಣನ ವಿಷಯ ಹೇಳಿದರು, ಯಾವ ಭಾವವೂ ಇಲ್ಲದ ದನಿಯಲ್ಲಿ. ಟ್ರೆವರ್ ಮೊಬೈಲ್ ತೆಗೆದು ಹುಡುಕಿದ. ಕೊಂಡ ದಿನ ತೆಗೆದ ಫೋಟೊ ಇತ್ತು, ಟೇಪಿನ ಸಮೇತ. ಟೇಪಿನ ಒಳಗಿನದ್ದು ಇರಲಿಲ್ಲ.

ಟ್ರೆವರನನ್ನು ಕರೆದುಕೊಂಡು ಸಂತೆಗೆ ಓಡಿದೆವು. ಮಾರಿದ ಬಂಗಾಳಿ ಅಲ್ಲೇ ಕೂತಿದ್ದ. ಪಾಪದವನು, ಮೂವರು ಒಟ್ಟಿಗೆ ಮೇಲೆ ಬಿದ್ದದ್ದು ನೋಡಿ ಪೊಲೀಸರೆಂದೇ ತಿಳಿದ. ಕೆಡವಿದ ಕಟ್ಟಡಗಳಿಂದ ಗೋಣಿಗಟ್ಟಲೆ ಬರುತ್ತದೆ, ಯಾವ ಗೋಣಿ ಎಲ್ಲಿಯದೆಂದು ಯಾರಿಗೆ ಗೊತ್ತು ಎಂದ. "ಬೋರಿ ಮೇ ಆಯಾ, ಭಾಯಿ. ಖಲಾಸ್." ಪೊರ್ಬುಗಳು ಅವನ ಕೈ ಹಿಡಿದು ಬಿಡಲೇ ಇಲ್ಲ. ನಾನೇ ಬಿಡಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತು ಅವರದ್ದೇ ಹೌದೋ ಅಲ್ಲವೋ ಎಂಬುದೂ ತಿಳಿಯಲಿಲ್ಲ.

ಕಾರಿನ ಹತ್ತಿರ ಬಿಸಿಲಲ್ಲಿ ನಿಂತು ಪೊರ್ಬುಗಳು ಟ್ರೆವರನನ್ನು ಮತ್ತೆ ಹಿಡಿದರು.

"ಸರಿಯಾಗಿ ನೆನಪು ಮಾಡು ಬಾಬಾ. ಅಕ್ಷರವಾ?"

"ಅಕ್ಷರ ಅಲ್ಲ ಬಾಬ್. ಗೆರೆ ಗೆರೆ."

"ಶಿಲುಬೆ ಹಾಗೆ?"

ಟ್ರೆವರ್ ಒಂದು ಕ್ಷಣ ತಡೆದ. "ಹೌದು ಬಾಬ್. ಶಿಲುಬೆ ಹಾಗೆಯೇ."

"ಕೆಳಗೆ ಚುಕ್ಕೆ ಇತ್ತಾ? ಮೂರು? ನಮ್ಮ ಮನೆಯ ಕತ್ತಿ, ಹಾರೆ, ಹಂಡೆ ಎಲ್ಲದಕ್ಕೂ ಅಪ್ಪ ಅದೇ ಗುರುತು ಹಾಕ್ತಿದ್ರು. ಮದುವೆ ಮನೆಗೆ ಎರವಲು ಕೊಟ್ಟದ್ದು ತಪ್ಪಿ ಹೋಗ್ಬಾರ್ದು ಅಂತ."

"ಇತ್ತು ಬಾಬ್. ಮೂರು ಚುಕ್ಕೆ."

ಅಷ್ಟು ವರ್ಷ ಯಾರಿಗೂ ಬಿಟ್ಟುಕೊಡದ ಗುರುತನ್ನು ಅವರು ಹತಾಶೆಯಲ್ಲಿ ತಾವೇ ಅವನ ಬಾಯಿಗೆ ಇಟ್ಟಿದ್ದರು. ಅದು ಅವರಿಗೂ ಹೊಳೆಯಿತು. ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ನಾಲ್ಕಲ್ಲ ಅಲ್ವಾ?"

"ನಾಲ್ಕು... ನಾಲ್ಕೂ ಇರ್ಬಹುದು ಬಾಬ್" ಎಂದು ಟ್ರೆವರ್ ಅಳಲು ಶುರುಮಾಡಿದ. ಪೊರ್ಬುಗಳು ಅವನ ಬೆನ್ನು ತಟ್ಟಿದರು. ಸಮಾಧಾನ ಮಾಡುವ ಕೆಲಸವೂ ಆ ಮನುಷ್ಯನ ತಲೆಗೇ ಬಂತು. ನನಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ನೆತ್ತಿಗೇರಿತ್ತು.

ಹೊರಡುವ ದಿನ ಅವರ ಮನೆಗೆ ಹೋದೆ. ಮಂಚ, ಕಪಾಟು ಎಲ್ಲ ಮಾರಿ ಆಗಿತ್ತು. ಪೊರ್ಬುಗಳು ಬರೀ ನೆಲದ ಮೇಲೆ ಕೂತು, ಸೂಜಿಯಿಂದ ಚೂರಿಯ ಹಿಡಿಯ ಮೇಲೆ ಗೀರುತ್ತಿದ್ದರು. ಶಿಲುಬೆ ಮುಗಿದಿತ್ತು. ಚುಕ್ಕೆ ಇಡುತ್ತಿದ್ದರು.

"ಎಂತ ಮಾಡ್ತಿದ್ದೀರಿ ಪೊರ್ಬುಗಳೇ? ಇದು ಸುಳ್ಳಲ್ವಾ?"

"ಸುಳ್ಳು ಅಂತ ನಿನಗೆ ಗೊತ್ತುಂಟಾ?" ತಲೆ ಎತ್ತಲಿಲ್ಲ. "ಇಲ್ಲೇ ಇದ್ದಿರ್ಬಹುದು. ಇದ್ದದ್ದನ್ನೇ ತಿರುಗಿ ಹಾಕ್ತಾ ಇದ್ದೇನೋ ಏನೋ. ಅವಳು ಇನ್ನೆಷ್ಟು ವರ್ಷ ಕಾಯ್ಬೇಕು ಮಾರಾಯ? ಇದನ್ನು ನೋಡಿದ್ರೆ ಅವಳು ಅಳ್ತಾಳೆ. ಒಂದು ಬಲಿಪೂಜೆ ಇಡುವ. ಅವಳಿಗೂ ಮುಗೀಲಿ, ನನಗೂ ಮುಗೀಲಿ."

ಗೆರೆಗಳು ಹೊಸದಾಗಿ ಬೆಳ್ಳಗೆ ಕಾಣುತ್ತಿದ್ದವು. ಬೂಟು ಪಾಲಿಶನ್ನು ಬೆರಳಿನಿಂದ ತುಂಬಿ ಒರೆಸಿದರು. ಬಾಗಿಲಲ್ಲಿ ನಿಂತಿದ್ದ ಮೊಲ್ಲಿಬಾಯಿ ಒಳಗೆ ಹೋದರು. ಚೂರಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟು ಹಗ್ಗ ಬಿಗಿದೆವು.

ಅವರು ಹೋದ ಮೇಲೆ ಸ್ವಲ್ಪ ದಿನ ಸುದ್ದಿ ಇರಲಿಲ್ಲ. ಒಂದು ಬೆಳಿಗ್ಗೆ ನಾನು ಮಿರ್ಕಾಬಿನ ಕಚೇರಿಯಲ್ಲಿದ್ದಾಗ ಫೋನು ಬಂತು.

"ಕೊಟ್ಟಿರಾ?" ಎಂದೆ.

"ಕೊಟ್ಟೆ. ಗುರುತು ನೋಡಿದ್ಳು. ಮುತ್ತು ಕೊಟ್ಳು ಅದಕ್ಕೆ."

"ಮತ್ತೆ? ಬಲಿಪೂಜೆ?"

"ಫಾದರ್ ಹತ್ರ ಮಾತಾಡ್ತೇನೆ ಅಂದದ್ದಕ್ಕೆ ನನಗೇ ಬೈದ್ಳು ಪುರಂದರ. ಸತ್ತವರ ಚೂರಿ ಹೀಗೆ ಇರ್ತದಾ ಅಂತ ಕೇಳಿದ್ಳು. ತುಕ್ಕು ಇಲ್ಲ, ಮೊನೆ ಹರಿತ ಉಂಟು, ತಿರುಗಣಿಗೆ ಎಣ್ಣೆ ಹಾಕಿದ್ದಾರೆ. ಇಷ್ಟು ವರ್ಷವೂ ದಿನಾ ಉಜ್ಜಿ ಇಟ್ಟದ್ದು ಇದು, ಇಷ್ಟು ಜಾಗ್ರತೆ ಅವರದ್ದೇ, ಅವರು ಇದ್ದಾರೆ, ಅಲ್ಲೇ ಎಲ್ಲೋ ಇದ್ದಾರೆ ಅಂತಾಳೆ. ನೀನು ಎಂತಕ್ಕೆ ಬಿಟ್ಟು ಬಂದದ್ದು, ತಿರುಗಿ ಹೋಗು ಅಂತಾಳೆ."

ಟ್ರೆವರ್ ಉಜ್ಜಿದ್ದು ಎಂದು ಹೇಳಿಬಿಡಿ, ನಿಜ ಹೇಳಿಬಿಡಿ ಎಂದೆ ನಾನು. ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಯಾವ ನಿಜ? ಅಣ್ಣನದ್ದು ಅಲ್ಲ ಅಂತ ಹೇಳ್ಲಾ? ಅದು ನನಗೆ ಗೊತ್ತುಂಟಾ? ಸತ್ತಿದ್ದಾನೆ ಅಂತ ಹೇಳ್ಲಾ? ಅದಾದ್ರೂ ಗೊತ್ತುಂಟಾ?"

ನಾನು ಫೋನು ಹಿಡಿದುಕೊಂಡು ಹೊರಗಿನ ಮೆಟ್ಟಿಲಿಗೆ ಬಂದೆ.

"ಪೆಟ್ಟಿಗೆಯಲ್ಲಿ ಕಟ್ಟಿ ಇಟ್ಟಿದ್ದ ಅಣ್ಣನ ಅಂಗಿ ಎಲ್ಲ ನಿನ್ನೆ ತೆಗೆದ್ಳು. ಒಗೆದು ಅಂಗಳದಲ್ಲಿ ಹಾಕಿದ್ದಾಳೆ. ನಾನು ಇಲ್ಲಿ ಜಗಲಿಯಲ್ಲಿ ಕೂತು ಅದನ್ನೇ ನೋಡ್ತಾ ಇದ್ದೇನೆ ಪುರಂದರ. ಒಣಗಿದ ಮೇಲೆ ಇಸ್ತ್ರಿ ಹಾಕಿ ತಾ ಅಂತ ನನಗೆ ಹೇಳಿದ್ದಾಳೆ."